ಸಹಾಯಧನ: ಯಾರ ಹೆಸರಿಗೆ ಎಷ್ಟು?



2023ರ ಮುಂಗಾರು ಕೈಕೊಟ್ಟದ್ದು ನಿಮಗೆಲ್ಲ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಸರ್ಕಾರ ಕೇಂದ್ರದಿಂದ ₹18,171 ಕೋಟಿ ಕೇಳಿತು, ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೊನೆಗೆ 2024ರ ಏಪ್ರಿಲ್‌ನಲ್ಲಿ ₹3,454 ಕೋಟಿ ಬಂತು. ಆ ಜಗಳ ನನ್ನ ಇವತ್ತಿನ ವಿಷಯವಲ್ಲ. ಅದಕ್ಕೂ ಮೊದಲು, ಜನವರಿಯಲ್ಲಿ, ಮೊದಲ ಕಂತು ಎಂದು ಒಬ್ಬೊಬ್ಬ ರೈತನ ಖಾತೆಗೆ ₹2,000ವರೆಗೆ ಹಣ ಹಾಕಿದರಲ್ಲ, ನಾನು ಮಾತಾಡಬೇಕೆಂದಿರುವುದು ಆ ಹಣದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಪಟ್ಟಿಯ ಬಗ್ಗೆ.

ಆ ದಿನಗಳಲ್ಲಿ ನಮ್ಮ ಕಡೆ ಯಾವ ಕಟ್ಟೆಗೆ ಹೋದರೂ ಒಂದೇ ಮಾತು: ‘ನಿಂಗ ಬಂತೇನು?’ ಪಂಚಾಯಿತಿಯ ಗೋಡೆಗೆ ಪಟ್ಟಿ ಅಂಟಿಸಿದ್ದರು. ಕ್ರಮ ಸಂಖ್ಯೆ, ರೈತನ ಹೆಸರು, ಸರ್ವೆ ನಂಬರು, ಬೆಳೆ, ವಿಸ್ತೀರ್ಣ, ಮೊತ್ತ. ಅಕ್ಷರ ಎಷ್ಟು ಸಣ್ಣವೆಂದರೆ ಓದಬಲ್ಲವರೂ ಮೂಗು ತಗಲುವಷ್ಟು ಹತ್ತಿರ ಹೋಗಬೇಕು. ಕಾಲೇಜಿಗೆ ಹೋಗುವ ಒಬ್ಬ ಹುಡುಗ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದ, ಹಿಂದೆ ಹತ್ತು ಹದಿನೈದು ಜನ ನಿಂತು ಕೇಳುತ್ತಿದ್ದರು. ಆ ಓದಿನಲ್ಲಿ ಊರಿನ ಅರ್ಧ ಚರಿತ್ರೆ ಹೊರಬಂತು. ಒಬ್ಬರ ಹೆಸರು ಬಂದಾಗ, ‘ಅವರು ತೀರಿಕೊಂಡು ವರ್ಷವಾತು, ಮಕ್ಕಳು ಇನ್ನೂ ಪೌತಿ ಖಾತೆ ಮಾಡಿಸಿಲ್ಲ’ ಎಂದರು ಯಾರೋ. ಇನ್ನೊಬ್ಬರ ಹೆಸರಿಗೆ, ‘ಆ ಹೊಲ ಅವರದು ಖರೆ, ಬಿತ್ತಿದವನು ಬೇರೆ’ ಎಂಬ ಗುಣುಗುಣು. ಮತ್ತೊಬ್ಬರ ಮುಂದೆ ಬೆಳೆ ಎಂದು ಹೆಸರುಕಾಳು ಬರೆದಿತ್ತು, ಅವರ ಹೊಲದಲ್ಲಿದ್ದದ್ದು ಗೋವಿನಜೋಳ.

ಪಟ್ಟಿ ಎಂದರೆ ಹೀಗಿರಬೇಕು ಎಂದು ನನಗೆ ಅನ್ನಿಸಿತು. ತಪ್ಪಿರಲಿ, ಆದರೆ ತಪ್ಪನ್ನು ಗುರುತಿಸಬಲ್ಲ ಜನರ ಕಣ್ಣ ಮುಂದೆ ಇರಲಿ.

ಈ ಬಗೆಯ ಓದಿಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಹಿನ್ನೆಲೆಯಿದೆ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ, ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರಿದ್ದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಸರ್ಕಾರಿ ಕಾಮಗಾರಿಯ ಕೂಲಿ ಹಾಜರಿ ಪಟ್ಟಿಗಳನ್ನು ಜನರೆದುರು ಗಟ್ಟಿಯಾಗಿ ಓದಿಸಿತು. ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಾಯಿತು. ಜನಸುನವಾಯಿ ಎನ್ನುವ ಅಂಥ ಬಹಿರಂಗ ಸಭೆಗಳಿಂದ, ಅದೇ ರಾಜ್ಯದ ಬ್ಯಾವರ್ ಪಟ್ಟಣದ 1996ರ ಧರಣಿಯಿಂದ ಬೆಳೆಯುತ್ತ ಹೋದ ಹೋರಾಟವೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ಅದಕ್ಕೂ ಮೊದಲೇ, 2000ದಲ್ಲಿ ಮಾಡಿಕೊಂಡಿತ್ತು ಎಂಬುದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಆ ಕೇಂದ್ರ ಕಾಯ್ದೆಯ 4ನೇ ಕಲಮಿನಲ್ಲಿ ಒಂದು ಉಪಕಲಮು ಇದೆ. ಅದರ ಪ್ರಕಾರ ಪ್ರತಿ ಸರ್ಕಾರಿ ಕಚೇರಿಯೂ ತನ್ನ ಸಹಾಯಧನ ಯೋಜನೆಗಳನ್ನು ಹೇಗೆ ನಡೆಸುತ್ತದೆ, ಎಷ್ಟು ಹಣ ಇಟ್ಟಿದೆ, ಫಲಾನುಭವಿಗಳು ಯಾರು ಎಂಬ ವಿವರವನ್ನು ಯಾರೂ ಕೇಳುವ ಮೊದಲೇ ತಾನಾಗಿ ಪ್ರಕಟಿಸಬೇಕು. ಅರ್ಜಿ ಬೇಡ, ಶುಲ್ಕ ಬೇಡ. ಗೋಡೆಯ ಮೇಲಿನ ಪಟ್ಟಿಗೆ ಕಾನೂನಿನ ಬಲ ಇರುವುದು ಇಲ್ಲಿಂದ.

ಇಂದು ನಮ್ಮ ಪಟ್ಟಿಗಳು ಕಂಪ್ಯೂಟರಿನಿಂದ ಬರುತ್ತವೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಕ್ಕೆ ಏರಿದವು. ಆಮೇಲೆ ರೈತರನ್ನು ನೋಂದಾಯಿಸುವ ‘ಫ್ರೂಟ್ಸ್’ ಬಂತು, ಪ್ರತಿ ರೈತನಿಗೆ ಎಫ್‌ಐಡಿ ಎಂಬ ಒಂದು ಗುರುತಿನ ಸಂಖ್ಯೆ ಬಂತು. ಬೆಳೆ ಹಾನಿಗೆ ‘ಪರಿಹಾರ’ ತಂತ್ರಾಂಶ, ಬೆಳೆ ವಿಮೆಗೆ ‘ಸಂರಕ್ಷಣೆ’. ಮಳೆಯಾಶ್ರಿತ ಬೆಳೆ ನಷ್ಟವಾದರೆ ಹೆಕ್ಟೇರಿಗೆ ₹8,500, ನೀರಾವರಿಯಾದರೆ ₹17,000, ಬಹುವಾರ್ಷಿಕ ಬೆಳೆಗೆ ₹22,500, ಅದೂ ಗರಿಷ್ಠ ಎರಡು ಹೆಕ್ಟೇರಿಗೆ. ಇದು 2022–26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ನಿಧಿಯ ದರ. ಎಕರೆ ಲೆಕ್ಕದಲ್ಲಿ ಮಳೆಯಾಶ್ರಿತಕ್ಕೆ ₹3,400ರ ಆಸುಪಾಸು ಎಂದಿಟ್ಟುಕೊಳ್ಳಿ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟವರಿಗೆ ಅದು ಎಲ್ಲಿಗೆ ಸಾಲುತ್ತದೆ ಎಂಬುದು ಗೊತ್ತು.

ಈ ಹಣ ನಿಮ್ಮ ಖಾತೆಗೆ ಬರಬೇಕಾದರೆ ಹಿಂದೆ ಇರುವ ಸರಪಳಿ ಉದ್ದದ್ದು. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಹೊಲಕ್ಕೇ ಹೋಗಿ ಬೆಳೆಯ ಫೋಟೊ ತೆಗೆಯಬೇಕು. ರೈತನೇ ತೆಗೆಯಬಹುದು, ತೆಗೆಯದಿದ್ದರೆ ಊರಿನ ಯುವಕರು, ಇಲಾಖೆಯವರು ಪಿಆರ್ ಎಂದು ಕರೆಯುವವರು, ಪ್ಲಾಟಿಗೆ ಇಷ್ಟು ಎಂಬ ಸಂಭಾವನೆಗೆ ತೆಗೆಯುತ್ತಾರೆ. ನಡು ಮಧ್ಯಾಹ್ನ ಸಿಗ್ನಲ್ ಸಿಗದ ಕಡೆ ಆ ಹುಡುಗ ಪಕ್ಕದ ಹೊಲದ ಬೆಳೆಯನ್ನೇ ನಿಮ್ಮ ಸರ್ವೆ ನಂಬರಿಗೆ ಬರೆದುಬಿಟ್ಟನೋ, ಮುಂದಿನದೆಲ್ಲ ಅದೇ ತಪ್ಪಿನ ಮೇಲೆ ನಡೆಯುತ್ತದೆ. ವಿಮೆ ಮಾಡಿಸಿದ್ದು ಗೋವಿನಜೋಳಕ್ಕೆ, ಸಮೀಕ್ಷೆಯಲ್ಲಿರುವುದು ಸೋಯಾ ಎಂದಾದರೆ ವಿಮೆಯೂ ಹೋಯಿತು. ತಪ್ಪು ನೋಡಿಕೊಂಡು ಆಕ್ಷೇಪಣೆ ಹಾಕಲು ‘ಬೆಳೆ ದರ್ಶಕ್’ ಎಂಬ ಇನ್ನೊಂದು ಆ್ಯಪ್ ಇದೆ. ಅದು ಇರುವುದು ಗೊತ್ತಾಗುವ ಹೊತ್ತಿಗೆ ಎಷ್ಟೋ ಜನರಿಗೆ ಅವಧಿ ಮುಗಿದಿರುತ್ತದೆ. ಇಷ್ಟೆಲ್ಲ ಸರಿಹೋದರೂ ಕಡೆಯ ಹೊಸ್ತಿಲೊಂದಿದೆ: ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಿಲ್ಲ. ಒಂದು ಕಡೆ ‘ಬಸವ್ವ’, ಇನ್ನೊಂದು ಕಡೆ ‘ಬಸಮ್ಮ’. ಆಕೆ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಹಣ ಬಂದ ಮೇಲಿನದೂ ಒಂದು ಕತೆಯೇ. 2024ರಲ್ಲಿ ಬರ ಪರಿಹಾರವನ್ನು ಬ್ಯಾಂಕುಗಳು ಸಾಲದ ಖಾತೆಗೆ ಜಮಾ ಮಾಡಿಕೊಳ್ಳುತ್ತಿವೆ ಎಂಬ ದೂರು ಜೋರಾಗಿ, ಹಾಗೆ ಮಾಡಬಾರದೆಂದು ಸರ್ಕಾರ ಸೂಚನೆ ಕೊಡಬೇಕಾಯಿತು. ಪಟ್ಟಿಯಲ್ಲಿ ‘ಪಾವತಿಯಾಗಿದೆ’ ಎಂದಿರುತ್ತದೆ, ರೈತನ ಕೈಯಲ್ಲಿ ಏನೂ ಇರುವುದಿಲ್ಲ. ಎರಡೂ ನಿಜವೇ.

ಈಗ ಬಿತ್ತಿದವನ ಮಾತಿಗೆ ಬರೋಣ. ಪಟ್ಟಿಯ ದೊಡ್ಡ ಸುಳ್ಳು ಇಲ್ಲಿದೆ, ಮತ್ತು ಆ ಪಟ್ಟಿ ಬರೆದವರು ಯಾರೂ ಕಾನೂನು ಮುರಿದಿಲ್ಲ. 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಗೇಣಿ ಪದ್ಧತಿ ರದ್ದಾಯಿತು. ದೇವರಾಜ ಅರಸರ ಕಾಲದ ಆ ತಿದ್ದುಪಡಿ ಲಕ್ಷಾಂತರ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು, ಅದರ ದೊಡ್ಡತನದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆಮೇಲೂ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡುವುದು ನಿಲ್ಲಲಿಲ್ಲ. ಬಾಯಿ ಮಾತಿನ ಮೇಲೆ ನಡೆಯಿತು, ಈಗಲೂ ನಡೆಯುತ್ತಿದೆ. ಕಾನೂನಿನ ಕಣ್ಣಿಗೆ ಲಾವಣಿದಾರನೇ ಇಲ್ಲ. ಆದ್ದರಿಂದ ಪಹಣಿಯಲ್ಲಿಲ್ಲ, ಎಫ್‌ಐಡಿಯಲ್ಲಿಲ್ಲ, ಪರಿಹಾರದಲ್ಲೂ ಇಲ್ಲ. ಬೆಳೆ ಒಣಗಿದ್ದು ಅವನದು, ಹಣ ಹೋದದ್ದು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಹೊಲದ ಒಡೆಯನಿಗೆ. ಒಳ್ಳೆಯವರಾದರೆ ಅದರಲ್ಲಿ ಪಾಲು ಕೊಡುತ್ತಾರೆ.

ಇದು ನಮ್ಮೊಬ್ಬರ ರೋಗವಲ್ಲ. 1933ರಲ್ಲಿ ಅಮೆರಿಕದಲ್ಲಿ ರೂಸ್ವೆಲ್ಟ್ ಸರ್ಕಾರ ಹತ್ತಿಯ ಬೆಲೆ ಏರಿಸಲೆಂದು ಬೆಳೆದು ನಿಂತ ಹತ್ತಿಯನ್ನು ಉತ್ತು ಹಾಕಿಸಿ ಅದಕ್ಕೆ ಹಣ ಕೊಟ್ಟಿತು. ಚೆಕ್ಕು ಹೋದದ್ದು ಜಮೀನುದಾರರಿಗೆ. ಪಾಲಿಗೆ ಮಾಡುತ್ತಿದ್ದ ಕಪ್ಪು, ಬಿಳಿ ರೈತರಿಗೆ ಅದರಲ್ಲಿ ಸಿಕ್ಕಿದ್ದು ಅಲ್ಪ. ಬೆಳೆಯುವ ನೆಲ ಕಡಿಮೆಯಾದ್ದರಿಂದ ಎಷ್ಟೋ ಜನರನ್ನು ಹೊಲದಿಂದಲೇ ಎಬ್ಬಿಸಿದರು. 1934ರಲ್ಲಿ ಅರ್ಕಾನ್ಸಾಸ್ ರಾಜ್ಯದ ಟೈರೊಂಜಾ ಎಂಬ ಊರಿನಲ್ಲಿ ಆ ಪಾಲುದಾರರು ಸಂಘ ಕಟ್ಟಿಕೊಂಡರು. ಅವರ ಬೇಡಿಕೆಗಳಲ್ಲಿ ಸರ್ಕಾರದ ಹಣದ ನ್ಯಾಯವಾದ ಪಾಲು ಮುಖ್ಯವಾಗಿತ್ತು.

ಇದೇ ಅಮೆರಿಕದಲ್ಲಿ 2001ರಲ್ಲಿ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ, ಮಾಹಿತಿ ಹಕ್ಕಿನಡಿ ಪಡೆದ ದಾಖಲೆಗಳಿಂದ, ಯಾವ ರೈತನಿಗೆ ಎಷ್ಟು ಕೃಷಿ ಸಹಾಯಧನ ಎಂಬುದನ್ನು ಹೆಸರು ಸಹಿತ ಇಂಟರ್‌ನೆಟ್ಟಿಗೆ ಹಾಕಿತು. ಸಣ್ಣ ರೈತನ ಹೆಸರಿನಲ್ಲಿ ಸಮರ್ಥನೆ ಪಡೆದ ಹಣದ ಬಹುಪಾಲು ದೊಡ್ಡ ಹಿಡುವಳಿಗಳಿಗೆ ಹೋಗುತ್ತಿದ್ದದ್ದು ಪಕ್ಕದ ಮನೆಯವರಿಗೂ ಗೊತ್ತಾಯಿತು. ಪಟ್ಟಿಯಲ್ಲಿ ಬಾಸ್ಕೆಟ್‌ಬಾಲ್ ತಾರೆ ಸ್ಕಾಟಿ ಪಿಪ್ಪೆನ್ ಇದ್ದರು, ಡೇವಿಡ್ ರಾಕ್‌ಫೆಲ್ಲರ್ ಇದ್ದರು. ಒಬ್ಬರಿಗೆ ಇಷ್ಟೇ ಎಂಬ ಮಿತಿಯನ್ನು ತಪ್ಪಿಸಲು ಒಂದೇ ಜಮೀನನ್ನು ಹತ್ತಾರು ಪಾಲುದಾರಿಕೆ, ಕಂಪನಿಗಳಾಗಿ ಕಾಗದದಲ್ಲಿ ಒಡೆಯುವ ತಂತ್ರಕ್ಕೆ ಅಲ್ಲಿ ‘ಮಿಸಿಸಿಪ್ಪಿ ಕ್ರಿಸ್ಮಸ್ ಮರ’ ಎಂದು ಹೆಸರು. ನಕ್ಷೆ ಬರೆದರೆ ಕೊಂಬೆ ಕೊಂಬೆಗೂ ಒಂದೊಂದು ಕಂಪನಿ ತೂಗುತ್ತಿರುತ್ತದೆ. ನಮ್ಮಲ್ಲಿ ಭೂಮಿತಿ ಕಾಯ್ದೆ ತಪ್ಪಿಸಲು ನಾಯಿಯ ಹೆಸರಿಗೂ ಹೊಲ ಬರೆದರು ಎಂದು ಹಳಬರು ನಗುತ್ತ ಹೇಳುವುದುಂಟು. ಅಲ್ಲಿ ಅಂಥ ಕೆಲಸಕ್ಕೆ ವಕೀಲರಿದ್ದರು, ಅಷ್ಟೇ.

ಯುರೋಪಿನ ಕತೆ ನಮಗೆ ಇನ್ನೂ ಹತ್ತಿರದ್ದು. ಐರೋಪ್ಯ ಒಕ್ಕೂಟ ತನ್ನ ಬಜೆಟ್ಟಿನ ಮೂರನೇ ಒಂದು ಭಾಗದಷ್ಟನ್ನು ಇವತ್ತಿಗೂ ಕೃಷಿಗೆ ಕೊಡುತ್ತದೆ. ಇದನ್ನು ಯಾರು ಪಡೆಯುತ್ತಾರೆ ಎಂಬುದು ದಶಕಗಳ ಕಾಲ ಗುಟ್ಟು. 2005ರಲ್ಲಿ ಬ್ರಿಟನ್ನಿನ ಪಟ್ಟಿ ಹೊರಬಂದಾಗ ರಾಣಿಯ ಜಮೀನುಗಳೂ ಟೇಟ್ ಅಂಡ್ ಲೈಲ್ ಎಂಬ ಸಕ್ಕರೆ ಕಂಪನಿಯೂ ಅದರಲ್ಲಿ ಇದ್ದವು. ಆಮೇಲೆ ಒಕ್ಕೂಟದ ಎಲ್ಲ ದೇಶಗಳೂ ಹೆಸರು ಪ್ರಕಟಿಸಬೇಕೆಂಬ ನಿಯಮ ಬಂತು. ಜರ್ಮನಿಯ ಹೆಸ್ಸೆನ್ ರಾಜ್ಯದ ರೈತರು ಕೋರ್ಟಿಗೆ ಹೋದರು: ನಮ್ಮ ಆದಾಯವನ್ನು ಜಗತ್ತಿಗೆಲ್ಲ ಯಾಕೆ ತೋರಿಸಬೇಕು? 2010ರ ನವೆಂಬರ್ 9ರಂದು ಒಕ್ಕೂಟದ ನ್ಯಾಯಾಲಯ ಅವರ ಮಾತಿನಲ್ಲಿ ತಥ್ಯವಿದೆ ಎಂದಿತು. ಪ್ರಕಟಣೆಯೇ ತಪ್ಪು ಎಂದಲ್ಲ. ಅಷ್ಟೋ ಇಷ್ಟೋ ಪಡೆದವನನ್ನೂ ಕೋಟಿ ಪಡೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಲ್ಲ ವ್ಯಕ್ತಿಗಳ ಹೆಸರನ್ನೂ ಹಾಕುವುದು ಅಳತೆ ಮೀರಿದ್ದು ಎಂದು. 2013ರಲ್ಲಿ ಹೊಸ ನಿಯಮ ಬಂತು. ಹೆಸರುಗಳು ಮತ್ತೆ ಪ್ರಕಟವಾಗುತ್ತವೆ, ಎರಡು ವರ್ಷ ಇರುತ್ತವೆ. ಆದರೆ ವರ್ಷಕ್ಕೆ 1,250 ಯೂರೊ ಅಥವಾ ಅದಕ್ಕಿಂತ ಕಡಿಮೆ ಪಡೆಯುವ ಸಣ್ಣ ರೈತನ ಹೆಸರು ಹಾಕಬೇಕಿಲ್ಲ, ಬರೀ ಒಂದು ಸಂಕೇತ ಸಾಕು. ನಮ್ಮ ಲೆಕ್ಕದಲ್ಲಿ ಅದು ಒಂದು ಲಕ್ಷ ರೂಪಾಯಿಗೂ ಹೆಚ್ಚು.

ಇದನ್ನು ತಂದು ನಮ್ಮ ಪಂಚಾಯಿತಿ ಗೋಡೆಯ ಪಕ್ಕ ಇಡಿ. ಅವರು ಲಕ್ಷದ ಕೆಳಗಿನವರ ಹೆಸರು ಮುಚ್ಚುತ್ತಾರೆ, ಮೇಲಿನವರದ್ದು ತೆರೆಯುತ್ತಾರೆ. ನಾವು ಎರಡು ಸಾವಿರ ಪಡೆದವನ ಹೆಸರು, ಸರ್ವೆ ನಂಬರು, ಬೆಳೆ ಎಲ್ಲವನ್ನೂ ಅಂಟಿಸುತ್ತೇವೆ. ನಾನು ಇವತ್ತು ಮೈಕಿನ ಮುಂದೆ ಕೂತದ್ದು ಈ ಒಂದು ಮಾತು ಹೇಳುವುದಕ್ಕೆ: ನಮ್ಮ ದೇಶದಲ್ಲಿ ರೈತನ ಹೆಸರಿನಲ್ಲಿ ಖರ್ಚಾಗುವ ಹಣದಲ್ಲಿ ಚಿಕ್ಕದರ ಪಟ್ಟಿ ಇದೆ, ದೊಡ್ಡದರ ಪಟ್ಟಿ ಇಲ್ಲ.

ಲೆಕ್ಕ ನೋಡಿ. ಪಿಎಂ-ಕಿಸಾನ್ ಯೋಜನೆ 2019ರ ಫೆಬ್ರುವರಿಯಲ್ಲಿ ಶುರುವಾಯಿತು. ವರ್ಷಕ್ಕೆ ₹6,000, ಮೂರು ಕಂತು. ಒಟ್ಟು ವರ್ಷಕ್ಕೆ ಸುಮಾರು ₹60,000 ಕೋಟಿ. ಇದರ ಫಲಾನುಭವಿಗಳ ಪಟ್ಟಿ ಊರವಾರು ಜಾಲತಾಣದಲ್ಲಿದೆ. ನಿಮ್ಮ ಬೀಗರು ಪಡೆಯುತ್ತಾರೋ ಇಲ್ಲವೋ ಎಂದು ಈಗಲೇ ಮೊಬೈಲಿನಲ್ಲಿ ನೋಡಬಹುದು. ಪಟ್ಟಿ ಇದ್ದರೂ ಮೋಸ ನಡೆಯಿತು, ಅದನ್ನೂ ಹೇಳಬೇಕು. ತಮಿಳುನಾಡಿನಲ್ಲಿ 2020ರಲ್ಲಿ ರೈತರಲ್ಲದವರನ್ನು ಲಕ್ಷಗಟ್ಟಲೆ ಸೇರಿಸಿ ₹110 ಕೋಟಿಗೂ ಮೇಲೆ ಹಣ ಹೋದದ್ದು ಬಯಲಾಯಿತು. ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು, ₹1,364 ಕೋಟಿ ಸಂದಿದೆ ಎಂಬುದು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸಿಕ್ಕ ಉತ್ತರದಿಂದ 2021ರಲ್ಲಿ ಗೊತ್ತಾಯಿತು. ಜಾಲತಾಣದಲ್ಲಿರುವ ಪಟ್ಟಿಯನ್ನು ಊರಿನಲ್ಲಿ ಯಾರೂ ಗಟ್ಟಿಯಾಗಿ ಓದದಿದ್ದರೆ ಹೀಗಾಗುತ್ತದೆ.

ಇನ್ನು ಗೊಬ್ಬರ. 2022–23ರಲ್ಲಿ ಕೇಂದ್ರದ ರಸಗೊಬ್ಬರ ಸಹಾಯಧನ ಸುಮಾರು ₹2.5 ಲಕ್ಷ ಕೋಟಿ, ಪಿಎಂ-ಕಿಸಾನಿನ ನಾಲ್ಕು ಪಟ್ಟು. 45 ಕಿಲೊ ಯೂರಿಯಾ ಚೀಲ ನಿಮಗೆ ₹266.50ಕ್ಕೆ ಸಿಗುತ್ತದೆ, ಅದರ ನಿಜವಾದ ವೆಚ್ಚ ಇದರ ಹಲವು ಪಟ್ಟು. ಮಿಕ್ಕದ್ದು ಕಂಪನಿಗೆ ಸಂದಾಯ. 2018ರಿಂದ ಅಂಗಡಿಯ ಯಂತ್ರದ ಮೇಲೆ ನೀವು ಹೆಬ್ಬೆಟ್ಟು ಒತ್ತಿದ ಮೇಲೆಯೇ ಕಂಪನಿಗೆ ಆ ಚೀಲದ ಸಹಾಯಧನ ಸಿಗುವುದು. ಅಂದರೆ ಯಾರು ಎಷ್ಟು ಚೀಲ ಒಯ್ದರು ಎಂಬುದು ಸರ್ಕಾರಕ್ಕೆ ಗೊತ್ತು. ಜಿಲ್ಲೆಯಲ್ಲಿ ಅತಿ ಹೆಚ್ಚು ಯೂರಿಯಾ ಕೊಂಡ 20 ಮಂದಿಯ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದು ಪರಿಶೀಲನೆಗೆಂದು ಜಿಲ್ಲಾಡಳಿತಕ್ಕೆ ಕಳಿಸುವ ವ್ಯವಸ್ಥೆಯೂ ಇದೆ. ಯೂರಿಯಾ ಪ್ಲೈವುಡ್ಡಿನ ಅಂಟಿಗೆ ಹೋಗುತ್ತದೆ, ಕಲಬೆರಕೆ ಹಾಲಿಗೆ ಹೋಗುತ್ತದೆ. ಅದಕ್ಕೇ ಬೇವು ಲೇಪನ ಕಡ್ಡಾಯವಾದದ್ದು. ಹಾಗಿದ್ದ ಮೇಲೆ ಆ ಇಪ್ಪತ್ತು ಹೆಸರು ಯಾವ ಗೋಡೆಯ ಮೇಲೂ ಯಾಕಿಲ್ಲ? ಆಳೆತ್ತರದ ಗೋಡೆ ಬೇಡ, ಗೊಬ್ಬರದಂಗಡಿಯ ಬಾಗಿಲಿಗೆ ಒಂದು ಹಾಳೆ ಸಾಕು.

ವಿದ್ಯುತ್ತಿನದು ಇನ್ನೂ ನಾಜೂಕು. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಇದಕ್ಕೆ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ರಾಜ್ಯ ಕೊಡುವ ಹಣ ಇತ್ತೀಚಿನ ವರ್ಷಗಳಲ್ಲಿ ಹತ್ತು ಸಾವಿರ ಕೋಟಿ ದಾಟಿದೆ. ನನ್ನ ಹೊಲದಲ್ಲೂ 5 ಎಚ್‌ಪಿಯ ಒಂದು ಪಂಪಿದೆ, ಮುಚ್ಚುಮರೆ ಯಾಕೆ? ದಿನಕ್ಕೆ ಏಳು ತಾಸು ತ್ರೀಫೇಸ್, ವರ್ಷಕ್ಕೆ ಇನ್ನೂರು ದಿನ ಓಡಿತೆಂದರೆ 5,200 ಯೂನಿಟ್. ಯೂನಿಟ್ಟಿಗೆ ₹7 ಹಿಡಿದರೆ ₹36,400. ಪಿಎಂ-ಕಿಸಾನಿನ ಆರು ಪಟ್ಟು. ಆ ಆರು ಸಾವಿರಕ್ಕೆ ನನ್ನ ಹೆಸರು ಪಟ್ಟಿಯಲ್ಲಿದೆ, ಈ ಮೂವತ್ತಾರು ಸಾವಿರಕ್ಕೆ ಎಲ್ಲೂ ಇಲ್ಲ. ಮೂರು ಬೋರು ಇರುವವರಿಗೆ ಮೂರು ಪಟ್ಟು. ಬೋರೇ ಇಲ್ಲದ ಬೆದ್ದಲು ರೈತನಿಗೆ ಸೊನ್ನೆ. ನಮ್ಮ ಸಾಗುವಳಿ ಭೂಮಿಯ ಹೆಚ್ಚಿನ ಭಾಗ ಬೆದ್ದಲೇ.

ಅದಕ್ಕಿಂತ ಸೋಜಿಗವೆಂದರೆ ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲ. ಎಷ್ಟು ಕರೆಂಟು ಸುಟ್ಟಿತು ಎಂಬುದು ಅಳತೆಯಲ್ಲ, ಅಂದಾಜು. ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವನ್ನೂ ರೈತನ ಹೆಸರಿಗೆ ಬರೆಯುತ್ತಾರೆಂಬ ಆಪಾದನೆ ಹಳೆಯದು. ಪಂಪ್‌ಸೆಟ್ ಸಂಪರ್ಕದ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ ಎಂದು 2024ರಲ್ಲಿ ಹೇಳಿದಾಗ ರೈತ ಸಂಘಟನೆಗಳು ಕೆರಳಿದವು: ಇಂದು ಆಧಾರ್, ನಾಳೆ ಮೀಟರ್, ನಾಡಿದ್ದು ಬಿಲ್ಲು ಎಂಬ ಭಯ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಅಳತೆಯೇ ಬೇಡ ಎಂದರೆ ರೈತನ ಹೆಸರಿನಲ್ಲಿ ಬೇರೆಯವರು ಉಂಡದ್ದೂ ಅಳತೆಗೆ ಸಿಗುವುದಿಲ್ಲ.

ಹೆಸರು ಪ್ರಕಟಿಸುವುದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಪಟ್ಟಿ ಬಿದ್ದ ಸಂಜೆಯೇ ಸಾಲ ಕೊಟ್ಟವರು ಮನೆಗೆ ಬರುತ್ತಾರೆ. ಒಂಟಿ ಹೆಣ್ಣುಮಗಳ ಖಾತೆಗೆ ದುಡ್ಡು ಬಂದದ್ದು ಬೇಡದವರಿಗೂ ಗೊತ್ತಾಗುತ್ತದೆ. ಮೊಬೈಲ್ ನಂಬರು, ಖಾತೆ ಸಂಖ್ಯೆ, ಆಧಾರ್ ಇವು ಯಾವ ಪಟ್ಟಿಯಲ್ಲೂ ಇರಕೂಡದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿಗೆ ತಂದ ತಿದ್ದುಪಡಿ ವೈಯಕ್ತಿಕ ಮಾಹಿತಿ ಎಂಬ ಒಂದೇ ಮಾತಿನ ಮೇಲೆ ಉತ್ತರ ನಿರಾಕರಿಸಲು ಅನುವು ಮಾಡಿದೆ. ಇದನ್ನು ಮಾಹಿತಿ ಹಕ್ಕಿನ ಕಾರ್ಯಕರ್ತರು ವಿರೋಧಿಸುತ್ತಲೇ ಬಂದಿದ್ದಾರೆ. ನನ್ನ ಆತಂಕವೂ ಅದೇ. ಈ ಪರದೆ ಎರಡು ಸಾವಿರದವನ ಮಾನ ಕಾಯುವುದಕ್ಕೆ ಬಳಕೆಯಾಗುವುದಿಲ್ಲ, ಯೂರಿಯಾದ ಆ ಇಪ್ಪತ್ತರ ಪಟ್ಟಿಯಲ್ಲಿರುವವರ ಹೆಸರು ಮುಚ್ಚುವುದಕ್ಕೆ ಬಳಕೆಯಾಗುತ್ತದೆ.

ಕರೆಂಟಿನ ವಿಷಯದಲ್ಲಾದರೂ ಯಾರ ಹೆಸರೂ ಇಲ್ಲದೆ ಲೆಕ್ಕ ಕೇಳಬಹುದು. ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಎಷ್ಟೋ ಕಡೆ ಊರಿನ ಫೀಡರು ಬೇರೆ, ಹೊಲದ ಫೀಡರು ಬೇರೆ ಆಗಿವೆ. ಪಂಪಿಗೆ ಮೀಟರ್ ಇಲ್ಲದಿದ್ದರೂ ಫೀಡರಿನಲ್ಲಿ ಇದೆ. ಎಸ್ಕಾಂ ಕಚೇರಿಗೆ ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಇಷ್ಟು: ನಮ್ಮ ಊರಿನ ಹೊಲಗಳಿಗೆ ಬರುವ ಫೀಡರು ಯಾವುದು, ಅದರಲ್ಲಿ ಎಷ್ಟು ಪಂಪ್‌ಸೆಟ್ಟುಗಳಿವೆ, ಕಳೆದ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಫೀಡರಿನ ಮೀಟರು ತೋರಿಸಿದ ಯೂನಿಟ್ ಎಷ್ಟು, ಅದೇ ಅವಧಿಗೆ ಆ ಪಂಪ್‌ಸೆಟ್ಟುಗಳ ಲೆಕ್ಕದಲ್ಲಿ ಸಹಾಯಧನಕ್ಕೆಂದು ತೋರಿಸಿದ ಯೂನಿಟ್ ಎಷ್ಟು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು. ಇದು ಅದರ ಮೂರನೇ ಒಂದು ಭಾಗವೂ ಆಗುವುದಿಲ್ಲ. ಗೊಬ್ಬರದ ಇಪ್ಪತ್ತು ಹೆಸರನ್ನು ಇದೇ ಹಾಳೆಯಲ್ಲಿ ಕೇಳಹೋಗಬೇಡಿ. ಒಂದು ಅರ್ಜಿಗೆ ಒಂದೇ ವಿಷಯ ಎಂಬ ನಿಯಮವೂ ಇದೆ, ಅದೇ ನೆಪದಲ್ಲಿ ವಾಪಸು ಕಳಿಸುತ್ತಾರೆ. ಅದಕ್ಕೆ ಬೇರೆ ಹಾಳೆ, ಬೇರೆ ಹತ್ತು ರೂಪಾಯಿ.